ಮಗ್ಗಿನಲ್ಲಿ ಐಸು ತಂದ ಅವ್ವಿ

ಅಂಕೋಲೆಯಿಂದ ಸುಂಕಸಾಳಕ್ಕೆ ನಾನು ಎಂಟು ವರ್ಷ ಬಸ್ಸಿನಲ್ಲಿ ಹೋಗಿ ಬಂದೆ. ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಇದ್ದದ್ದು ಅಂಕೋಲೆ ಪೇಟೆಗೆ ಹತ್ತಿರದ ಕೇಣಿಯಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ ಎರಡು ಕೋಣೆಯ ಮನೆ. ಮನೆಯಲ್ಲಿ ನಾನು ಮತ್ತು ನನ್ನ ತಾಯಿ ಇಬ್ಬರೇ. ತಾಯಿಯನ್ನು ನಾನು ಅವ್ವಿ ಎಂದು ಕರೆಯುತ್ತಿದ್ದೆ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಹೋದ. ಆಮೇಲೆ ಅವ್ವಿ ಅಂಕೋಲೆಯ ಮೀನು ಪೇಟೆಯಲ್ಲಿ ಕೂತು, ಮೀನು ಮಾರಿ, ನನ್ನನ್ನು ಕಾರವಾರದ ಕಾಲೇಜಿನ ತನಕ ಓದಿಸಿದಳು. ಅವಳು ಸ್ವತಃ ಓದಿದ್ದು ಎರಡನೆಯ ಇಯತ್ತೆ.

ಆ ವರ್ಷಗಳಲ್ಲಿ ಯಲ್ಲಾಪುರದ ಕಡೆಯಿಂದ ಅದಿರಿನ ಲಾರಿಗಳು ಹಗಲೂ ರಾತ್ರಿ ಇಳಿಯುತ್ತಿದ್ದವು. ರಸ್ತೆ ಬದಿಯ ಗಿಡ, ಮೈಲುಗಲ್ಲು, ನಮ್ಮ ಶಾಲೆಯ ಗೇಟು, ಎಲ್ಲದಕ್ಕೂ ಕೆಂಪು ಧೂಳಿನ ಬಣ್ಣ. ಶಾಲೆಯ ಎದುರಿನ ಅಂಗಡಿಯಲ್ಲಿ ಚಾ ತೆಗೆದುಕೊಂಡರೆ ಕೆನೆಯ ಮೇಲೂ ಸಣ್ಣಗೆ ಕೆಂಪು ಕೂತಿರುತ್ತಿತ್ತು. ನಾನು ಅಲ್ಲಿ ಚಾ ಕುಡಿಯುವುದನ್ನು ಬಿಟ್ಟೆ. ಬಿಟ್ಟ ಮೇಲೆ ಹನ್ನೊಂದು ಗಂಟೆಗೆ ಸರಿಯಾಗಿ ತಲೆನೋವು ಶುರುವಾಗುತ್ತಿತ್ತು.

ನಮ್ಮ ನೆರೆಮನೆಯವರೊಬ್ಬರು ಸರಕು ಹಡಗಿನಲ್ಲಿ ಅಡುಗೆಯವರು. ಅವರ ಮಗಳಿಗೆ ಹತ್ತನೆಯ ತರಗತಿಯ ಗಣಿತ ಹೇಳಿಕೊಟ್ಟಿದ್ದೆ. ಅವಳು ಪಾಸಾದ ವರ್ಷ ರಜೆಗೆ ಬಂದಾಗ ಅವರು ಒಂದು ರಟ್ಟಿನ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಬಸ್ಸಲ್ಲಿ ಚಾ ಒಯ್ಯುಕೆ ಆಗ್ತದೆ ಅಕ್ಕೋರೇ," ಎಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೇ ಕರೆಯುವುದು. "ಹಡಗಲ್ಲಿ ನಾವೆಲ್ಲ ಇದ್ರಲ್ಲೇ ಕುಡಿಯುದು. ಡೆಕ್ಕಿನ ಮೇಲೆ ಎಷ್ಟೇ ಗಾಳಿ ಇರಲಿ, ಆರುದಿಲ್ಲ."

ಡಬ್ಬಿಯೊಳಗೆ ಸ್ಟೀಲಿನ ಒಂದು ಥರ್ಮಾಸ್ ಮಗ್ ಇತ್ತು. ಹಿಡಿಕೆ ಇಲ್ಲ. ಮೇಲೆ ಅಗಲ, ಕೆಳಗೆ ಸ್ವಲ್ಪ ಸಪೂರ. ತಿರುಗಿಸಿ ಹಾಕುವ ಕಪ್ಪು ಮುಚ್ಚಳ, ಮುಚ್ಚಳದಲ್ಲಿ ಕುಡಿಯಲು ಸಣ್ಣ ಬಾಯಿ, ಬಾಯಿಗೆ ಇನ್ನೊಂದು ಪುಟ್ಟ ಮುಚ್ಚಳ.

ಥರ್ಮಾಸ್ ಫ್ಲಾಸ್ಕಿನ ಚಿತ್ರವನ್ನು ನಾನು ಎಷ್ಟೋ ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಎರಡು ಗೋಡೆ, ನಡುವೆ ನಿರ್ವಾತ, ಬಾಣದ ಗುರುತು ಹಾಕಿ ಹೆಸರು. ಕಣ್ಣು ಮುಚ್ಚಿಯೂ ಬರೆಯಬಲ್ಲೆ. ಆದರೆ ನನ್ನದು ಎನ್ನುವ ಒಂದು ಫ್ಲಾಸ್ಕನ್ನು ಮುಟ್ಟಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಏಳೂವರೆಗೆ ಚಾ ತುಂಬಿಸಿಕೊಂಡು ಹೋದೆ. ಹನ್ನೊಂದೂಕಾಲಿಗೆ ಶಿಕ್ಷಕರ ಕೋಣೆಯಲ್ಲಿ ಮುಚ್ಚಳ ತಿರುಗಿಸಿದೆ. ಹಬೆ ಎದ್ದು ಕನ್ನಡಕ ಮಂಜಾಯಿತು. ಕನ್ನಡಕ ತೆಗೆದು ಒರೆಸಿಕೊಂಡೆ. ಆರಿ ಹೋಗಬೇಕಾಗಿದ್ದ ಒಂದು ವಸ್ತು ನಾಲ್ಕು ತಾಸು ನನಗಾಗಿ ಕಾದು ಕೂತಿತ್ತು. ವರ್ಷಗಟ್ಟಲೆ ಅದನ್ನೇ ಪಾಠ ಮಾಡಿದವಳಿಗೂ ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಅವ್ವಿಗೆ ತೋರಿಸಬೇಕು ಅನಿಸಿತು. ಮುಂದಿನ ಆದಿತ್ಯವಾರ ಮಗ್ಗಿನಲ್ಲಿ ಚಾ ತುಂಬಿಸಿಕೊಂಡು ಪೇಟೆಗೆ ಹೋದೆ. ಅವಳು ಬಂಗಡೆಯ ರಾಶಿಯ ಮೇಲೆ ಐಸಿನ ಪುಡಿ ಸುರಿಯುತ್ತಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳ ಕೈ ಐಸಿನಲ್ಲೇ. ಬೆರಳ ತುದಿಗಳು ಬೆಳ್ಳಗೆ, ಸೊರಗಿದ ಹಾಗೆ ಇರುತ್ತಿದ್ದವು. ಕೈ ಒರೆಸಿಕೊಂಡು ಮಗ್ಗನ್ನು ಎರಡೂ ಅಂಗೈಯಲ್ಲಿ ಹಿಡಿದಳು.

"ಚಾ ತಣ್ಣಗಾಗಿ ಹೋಯ್ತು ಮಗಾ," ಎಂದಳು. "ಇಷ್ಟು ದೂರ ನಡ್ಕಂಡು ಬಂದೆ, ಪಾಪ."

"ಕುಡಿದು ನೋಡು."

ಅವಳು ಲೋಟದಿಂದ ಕುಡಿಯುವ ಹಾಗೆ ಒಂದೇ ಗುಟುಕಿಗೆ ಎತ್ತಿದಳು. ನಾಲಿಗೆ ಸುಟ್ಟಿತು. ಮಗ್ಗನ್ನು ಐಸಿನ ಪೆಟ್ಟಿಗೆಯ ಮೇಲೆ ಇಟ್ಟು ಬಾಯಿ ಮುಚ್ಚಿಕೊಂಡಳು. ಆಮೇಲೆ ಸಿಟ್ಟು ಮಾಡುವ ಬದಲು ಮಗ್ಗನ್ನು ಮತ್ತೆ ಮುಟ್ಟಿದಳು. ಹೊರಗೆ ತಣ್ಣಗೆ. ಮುಚ್ಚಳ ತೆಗೆದು ಮುಖ ಹತ್ತಿರ ತಂದಳು. ಒಳಗೆ ಬಿಸಿ. ಮತ್ತೆ ಹೊರಗೆ ಮುಟ್ಟಿದಳು.

"ಇದ್ರಲ್ಲಿ ಕೆಂಡ ಇಟ್ಟಿದ್ರನಾ?" ಎಂದು ಕೇಳಿದಳು.

ಪಕ್ಕದಲ್ಲಿ ಕೂತ ಹೆಂಗಸರೂ ಎದ್ದು ಬಂದರು. ಮಗ್ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಹೊರಗೆ ಮುಟ್ಟಿ, ಒಳಗಿನ ಹಬೆಗೆ ಕೆನ್ನೆ ಕೊಟ್ಟು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಗಿರಾಕಿಗಳು ಬಂದರು. ನಾನು ಅವ್ವಿಗೆ ಏನನ್ನೂ ವಿವರಿಸುವುದಕ್ಕೆ ಆಗಲಿಲ್ಲ. ನಿಜ ಹೇಳುವುದಾದರೆ, ವಿವರಿಸಿದರೂ ಅವಳಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದೆ.

ಮಳೆಗಾಲ ಕಳೆಯಿತು. ಮಗ್ ನನ್ನ ಬ್ಯಾಗಿನಲ್ಲೇ ವಾಸ ಮಾಡತೊಡಗಿತು. ದೀಪಾವಳಿಯ ಹೊತ್ತಿಗೆ ಚಾಕ್ಕೆ ಏನೋ ಒಂದು ರುಚಿ ಬರಲು ಶುರುವಾಯಿತು. ಮೊದಲು ಹಾಲು ಕೆಟ್ಟಿರಬೇಕು ಅಂದುಕೊಂಡೆ. ಹಾಲು ಬದಲಿಸಿದೆ. ಚಾಪುಡಿ ಬದಲಿಸಿದೆ. ಏಲಕ್ಕಿ ಜಜ್ಜಿ ಹಾಕಿದೆ, ಶುಂಠಿ ಹಾಕಿದೆ. ಒಂದೆರಡು ದಿನ ಏಲಕ್ಕಿಯ ಹಿಂದೆ ಅಡಗಿಕೊಂಡು ಆ ಹುಳಿ ಮುಗ್ಗಲು ವಾಸನೆ ಮತ್ತೆ ಹೊರಗೆ ಬರುತ್ತಿತ್ತು. ನಾನು ದಿನವೂ ಮಗ್ ತೊಳೆಯುತ್ತಿದ್ದೆ. ಸಂಜೆ ಮನೆಗೆ ಬಂದ ಕೂಡಲೇ ಸೋಪಿನ ನೀರು ಹಾಕಿ ಕುಲುಕುವುದು, ಮೂರು ಸಲ ಬಿಸಿನೀರು ಹಾಕಿ ಚೆಲ್ಲುವುದು, ಮುಚ್ಚಳ ಬಿಗಿಯಾಗಿ ತಿರುಗಿಸಿ ಶೆಲ್ಫಿನ ಮೇಲೆ ಇಡುವುದು. ಇದಕ್ಕಿಂತ ಹೆಚ್ಚು ಏನು ಮಾಡಬೇಕು? ಸ್ಟೀಲಿನ ಜುಂಗು ಹಾಕಿ ಒಳಗೆ ತಿಕ್ಕಿಯೂ ನೋಡಿದೆ. ವಾಸನೆ ಹೋಗಲಿಲ್ಲ, ಒಳಮೈಯಲ್ಲಿ ಗೀರು ಮಾತ್ರ ಬಿತ್ತು.

ಡಿಸೆಂಬರಿನ ಒಂದು ಶನಿವಾರ ಸಂಜೆ ಮಗ್ಗನ್ನು ಮೂಲೆಗೆ ಸರಿಸಿ, "ಇದು ಹಾಳಾಯ್ತು. ಬಿಸಾಡುದೇ," ಎಂದೆ.

ಅವ್ವಿ ಮೀನು ಹೆಚ್ಚುವ ಮಣೆಯಿಂದ ಎದ್ದು ಬಂದಳು. ಕೈ ತೊಳೆದು ಮಗ್ಗನ್ನು ತೆಗೆದುಕೊಂಡಳು. ಮೊದಲು ಮಗ್ಗಿನ ಒಳಗೆ ಮೂಗಿಟ್ಟಳು. ಆಮೇಲೆ ಮುಚ್ಚಳವನ್ನು ಮೂಸಿದಳು. ಮುಚ್ಚಳವನ್ನು ತಿರುವಿ ಹಾಕಿ ಒಳಬದಿ ಮೂಸಿದಳು. ಮೀನು ಪೇಟೆಯಲ್ಲಿ ಇಪ್ಪತ್ತೈದು ವರ್ಷ ಕೂತ ಮೂಗು. ನಿನ್ನೆಯ ಮೀನಿಗೂ ಇವತ್ತಿನ ಮೀನಿಗೂ ಇರುವ ವ್ಯತ್ಯಾಸವನ್ನು ಅವಳು ಬುಟ್ಟಿಯ ಬಟ್ಟೆ ಸರಿಸುವ ಮೊದಲೇ ಹೇಳುತ್ತಿದ್ದಳು.

"ಹೊಟ್ಟೆಲಿ ಎಂತದೂ ಇಲ್ಲ," ಎಂದಳು. "ಕೆಟ್ಟದ್ದು ಕಿವಿಲಿ ಅದೆ."

"ಮಗ್ಗಿಗೆ ಎಂತಾ ಕಿವಿ ಅವ್ವಿ?"

"ಮೀನಿಗೆ ಇದ್ದ ಹಾಗೆ. ಮೀನು ಹೊಟ್ಟೆಲಿ ಕೆಡುಕಿಂತ ಮೊದ್ಲು ಕಿವಿಲಿ ಕೆಡ್ತದೆ. ಸಂದು ಇದ್ದಲ್ಲಿ ರಕ್ತ ನಿಲ್ತದೆ ನೋಡು, ಅದ್ಕೆ." ಮುಚ್ಚಳದ ಒಳಬದಿಯಲ್ಲಿ ಅಂಚಿಗೆ ಅಂಟಿಕೊಂಡಿದ್ದ ರಬ್ಬರಿನ ಬಳೆಯನ್ನು ಉಗುರಿನಿಂದ ಮುಟ್ಟಿ ತೋರಿಸಿದಳು. "ಇದು ತೆಗಿತಿದ್ಯನಾ ತೊಳಿಯುವಾಗ?"

ಆ ಬಳೆ ಹೊರಗೆ ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅವ್ವಿ ತನ್ನ ತಲೆಯಿಂದ ಪಿನ್ ಕಿತ್ತು, ಅದರ ಮೊಂಡು ಬದಿಯನ್ನು ಸಂದಿಗೆ ತೂರಿಸಿ, ಬಂಗಡೆಯ ಕಿವಿರು ಬಿಡಿಸುವಷ್ಟೇ ನಯವಾಗಿ ಒಂದು ಸುತ್ತು ಹಾಕಿದಳು. ರಬ್ಬರಿನ ಬಳೆ ಪಟ್ಟನೆ ಎದ್ದು ಬಂತು. ಅದರ ಕೆಳಗಿನ ತೋಡಿನಲ್ಲಿ ಕಪ್ಪಗಿನ ಲೋಳೆ. ಆರು ತಿಂಗಳ ಹಾಲು, ಸಕ್ಕರೆ, ಚಾ ಎಲ್ಲ ಅಲ್ಲಿ ಕೂತು ಬೂಸು ಹಿಡಿದಿತ್ತು. ದಿನಾ ಅದರ ಮೇಲಿಂದಲೇ ಹರಿದು ಬಂದ ಚಾವನ್ನು ಕುಡಿದು ನಾನು ಮಕ್ಕಳಿಗೆ ಶುಚಿತ್ವದ ಪಾಠ ಮಾಡಿದ್ದೆ.

"ಥೂ!" ಎಂದು ಹಿಂದೆ ಸರಿದೆ.

ಅವ್ವಿ ನಗಲಿಲ್ಲ. ಅವಳಿಗೆ ಕೊಳೆಯ ಬಗ್ಗೆ ಅಸಹ್ಯ ಇರಲಿಲ್ಲ. ಅದು ಎಲ್ಲಿ ಅಡಗುತ್ತದೆ ಎಂಬುದರ ಬಗ್ಗೆ ಮಾತ್ರ ಆಸಕ್ತಿ. ಮರುದಿನ ಆದಿತ್ಯವಾರ ಪೇಟೆ ಮುಗಿಸಿ ಬಂದವಳು ಆ ಮಗ್ಗನ್ನು ತೊಳೆದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗ್ಗಿನೊಳಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಬಿಸಿನೀರು ತುಂಬಿಸಿ, ಮುಚ್ಚದೆ ಒಂದು ತಾಸು ಬಿಟ್ಟಳು. ಕುದಿಯುವ ನೀರಿನ ಪಾತ್ರೆಯೊಳಗೆ ಮಗ್ಗನ್ನು ಮುಳುಗಿಸಲು ನಾನು ಹೊರಟಾಗ ತಡೆದು, "ಇದ್ರ ಮೈ ಎಂತದು ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ದಿದ್ದನ್ನ ಬೇಯಿಸ್ಬಾರ್ದು," ಎಂದಳು. ರಬ್ಬರಿನ ಬಳೆಯನ್ನೂ ಪುಟ್ಟ ಮುಚ್ಚಳವನ್ನೂ ನಿಂಬೆರಸ ಹಿಂಡಿದ ನೀರಿನಲ್ಲಿ ನೆನೆಸಿದಳು. ಸೋಡಾದ ನೀರು ಚೆಲ್ಲಿದಾಗ ಅದು ಹಳೆಯ ಚಾದ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಒಂದು ಮುಷ್ಟಿ ಅಕ್ಕಿ, ಸ್ವಲ್ಪ ನೀರು ಹಾಕಿ, ಅಂಗೈಯಿಂದ ಬಾಯಿ ಮುಚ್ಚಿ ಕುಲುಕಿದಳು. ಅಕ್ಕಿ ಒಳಗೆ ಸುತ್ತುವ ಸದ್ದು ಮಳೆ ಬಂದ ಹಾಗೆ ಕೇಳಿಸಿತು. ಮಗ್ಗಿನ ತಳಕ್ಕೆ ಕೈ ಮುಟ್ಟುತ್ತಿರಲಿಲ್ಲ. ಅದಕ್ಕೆ ಬಿದಿರಿನ ಕಡ್ಡಿಗೆ ಹಳೆಯ ಹತ್ತಿ ಬಟ್ಟೆ ಸುತ್ತಿ, ದಾರ ಕಟ್ಟಿ, ಸೋಪು ಹಚ್ಚಿ ಮೂಲೆ ಮೂಲೆ ಒರೆಸಿದಳು. ತೋಡನ್ನು ಬಟ್ಟೆಯ ಚುಂಗಿನಿಂದ ಮೂರು ಸುತ್ತು ತಿಕ್ಕಿದಳು.

ಕೊನೆಯಲ್ಲಿ ಮಗ್, ಮುಚ್ಚಳ, ಪುಟ್ಟ ಮುಚ್ಚಳ, ಬಳೆ, ನಾಲ್ಕನ್ನೂ ಬೇರೆ ಬೇರೆಯಾಗಿ ಅಂಗಳದ ಮಣೆಯ ಮೇಲೆ ಬಿಸಿಲಿಗೆ ಇಟ್ಟಳು. ನಾನು ಅಷ್ಟು ದಿನ ಒಂದು ವಸ್ತು ಎಂದುಕೊಂಡಿದ್ದದ್ದು ನಾಲ್ಕು ವಸ್ತುವಾಗಿ ಒಣಗುತ್ತಿತ್ತು.

"ಒದ್ದೆ ಇರುವಾಗ ಬಾಯಿ ಮುಚ್ಚಿಟ್ರೆ ಎಂತದೂ ಒಳ್ಳೇದಾಗುದಿಲ್ಲ," ಎಂದಳು. "ನಾಳೆನೂ ಬಿಸಿಲಿಗೆ ಇರ್ಲಿ. ನಾಳೆ ನೀನು ಚಾ ಇಲ್ದೇ ಹೋಗು."

ಹಾಗಾಗಿ ಸೋಮವಾರ ನಾನು ಮಗ್ ಇಲ್ಲದೆ ಸುಂಕಸಾಳಕ್ಕೆ ಹೋದೆ.

ಆ ದಿನ ಎಂಟನೆಯ ತರಗತಿಗೆ ಊಟದ ಬಿಡುವಿಗೆ ಮೊದಲಿನ ಅವಧಿ ನನ್ನದು. ಪಾಠ ಶಾಖದ್ದೇ. ಬೋರ್ಡಿನ ಮೇಲೆ ಫ್ಲಾಸ್ಕಿನ ಚಿತ್ರ ಅರ್ಧ ಬರೆದಿದ್ದೆ. ನಲವತ್ತು ಮಕ್ಕಳು, ಹೆಚ್ಚಿನವರು ಅಕ್ಕಪಕ್ಕದ ತೋಟ, ಗದ್ದೆ, ಕಾಡಿನ ಊರಿನವರು. ಹಿಂದಿನ ಬೆಂಚಿನ ಹುಡುಗನೊಬ್ಬ ಬಾಗಿಲ ಕಡೆ ನೋಡುತ್ತಿದ್ದ. ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವಿ.

ಪೇಟೆಯಿಂದ ನೇರ ಬಂದಿದ್ದಳು. ಸೀರೆ ಎತ್ತಿ ಕಟ್ಟಿದ್ದು ಹಾಗೇ ಇತ್ತು. ಸೆರಗಿಗೆ ಮೀನಿನ ಪೊರೆ ಒಂದೆರಡು ಅಂಟಿ ಹೊಳೆಯುತ್ತಿದ್ದವು. ಎದೆಗೆ ಅವಚಿಕೊಂಡು ಹಿಡಿದದ್ದು ನನ್ನ ಮಗ್. ನನಗೆ ಮೊದಲು ಬಂದದ್ದು ಹೆದರಿಕೆ. ಮನೆಗೆ ಏನಾದರೂ ಆಯಿತೇ? ಆಮೇಲೆ ಬಂದದ್ದನ್ನು ಬರೆಯಲು ಇವತ್ತಿಗೂ ಮುಜುಗರವಾಗುತ್ತದೆ. ಮೀನಿನ ವಾಸನೆ ತರಗತಿಯೊಳಗೆ ಬರುತ್ತದಲ್ಲ ಎನಿಸಿತು. ಅವ್ವಿಯ ಕೆಲಸದ ಬಗ್ಗೆ ಆ ಶಾಲೆಯಲ್ಲಿ ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಆದರೆ ಮೀನು ಮಾರುತ್ತಾಳೆ ಎಂದು ಹೇಳಿಯೂ ಇರಲಿಲ್ಲ.

"ಎಂತಾ ಆಯ್ತೆ ಅವ್ವಿ?" ಎಂದು ಹೊರಗೆ ಹೋದೆ.

"ಎಂತದೂ ಆಗ್ಲಿಲ್ಲ. ಇದು ನೋಡು," ಎಂದು ಮಗ್ಗನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಒಳಗೆ ಏನೋ ಗಲಗಲ ಎಂದಿತು. "ಐಸು. ಬೆಳಿಗ್ಗೆ ಆರೂವರೆಗೆ ಹಾಕಿದ್ದು. ಬಿಸಿಲಿಗೆ ಇಡುದು ಬಿಟ್ಟು ಪೇಟೆಗೆ ಒಯ್ದು, ಹೊಸ ಗಡ್ಡೆ ಒಡೆದು, ಮೀನಿಗೆ ಮುಟ್ಟದ್ದೇ ಹಾಕಿದ್ದೆ, ವಾಸನೆ ಹೋಯ್ತನಾ ನೋಡುಕೆ ಅಂತ. ಹತ್ತು ಗಂಟೆಗೆ ತೆಗೆದ್ರೆ ಹಾಗೇ ಅದೆ! ಪೆಟ್ಟಿಗೆಲಿದ್ದದ್ದೆಲ್ಲ ನೀರಾಯ್ತು, ಇದ್ರಲ್ಲಿದ್ದದ್ದು ಹಾಗೇ ಅದೆ. ಬುಟ್ಟಿ ಪಕ್ಕದವಳಿಗೆ ಒಪ್ಪಿಸಿ ಹುಬ್ಬಳ್ಳಿ ಬಸ್ ಹತ್ತಿ ಬಂದೆ. ನಿಂಗೆ ತೋರಿಸ್ದೇ ಇರುಕೆ ಆಗ್ಲಿಲ್ಲ ಮಗಾ."

ಗಿರಾಕಿಗಳಿರುವ ಹೊತ್ತಿಗೆ ಅವಳು ಪೇಟೆ ಬಿಟ್ಟು ಎದ್ದದ್ದನ್ನು ನಾನು ಕಂಡದ್ದಿಲ್ಲ. ಜ್ವರ ಬಂದರೂ ಕೂರುತ್ತಿದ್ದಳು. ಅಂಥವಳು ಒಂದು ತಾಸು ಬಸ್ಸಿನಲ್ಲಿ, ಲಾರಿಗಳ ಧೂಳಿನಲ್ಲಿ, ಒಂದು ಮಗ್ ಐಸನ್ನು ಎದೆಗೆ ಒತ್ತಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ವರಾಂಡದಲ್ಲಿ ಬಂದರು. ಹತ್ತಿರದ ಅಡಿಕೆ ತೋಟದ ಮನೆಯವರು, ನಿವೃತ್ತಿಗೆ ಸಮೀಪಿಸಿದ್ದವರು. ಚಳಿಗಾಲದಲ್ಲಿ ಮಧ್ಯಾಹ್ನವೂ ಉಣ್ಣೆಯ ಶಾಲು ಹೊದೆಯುತ್ತಿದ್ದರು. "ಯಾರು?" ಎಂದು ಕೇಳಿದರು.

"ನನ್ನ ತಾಯಿ ಸರ್. ಅಂಕೋಲೆಯಲ್ಲಿ ಮೀನು ಮಾರ್ತಾರೆ," ಎಂದೆ.

ಅವರು ಮಗ್ಗಿನೊಳಗೆ ಇಣುಕಿದರು. ಬೆಳಿಗ್ಗೆ ಎಷ್ಟು ಹೊತ್ತಿಗೆ ಹಾಕಿದ್ದು ಎಂದು ಅವ್ವಿಯನ್ನೇ ಕೇಳಿದರು. ಗಡಿಯಾರ ನೋಡಿಕೊಂಡರು. "ಹೊರಗೆ ನಿಲ್ಲಿಸಿ ಮಾತಾಡಿಸೂದೆ? ಅಮ್ಮಾ, ಒಳಗೆ ಬನ್ನಿ. ಮಕ್ಕಳು ನೋಡಲಿ," ಎಂದರು.

ಅವ್ವಿ ಮೇಜಿನ ಮೇಲಿದ್ದ ಸ್ಟೀಲಿನ ತಟ್ಟೆಗೆ ಐಸನ್ನು ಸುರಿದಳು. ಅಂಚು ಸವೆದು ನುಣ್ಣಗಾದ, ನಿಂಬೆಗಾತ್ರದ ತುಂಡುಗಳು. ಮುಂದಿನ ಬೆಂಚಿನ ಹುಡುಗಿಯರು ಎದ್ದು ನಿಂತರು. ಆ ಮಕ್ಕಳಲ್ಲಿ ಎಷ್ಟೋ ಜನ ಐಸನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಆಗ.

ಬೋರ್ಡಿನ ಮೇಲೆ ಅರ್ಧ ಚಿತ್ರ ನಿಂತಿತ್ತು. ನನಗೆ ಒಂದು ಯೋಚನೆ ಹೊಳೆಯಿತು. ಪ್ರತಿ ವರ್ಷ ಬಾಯಿಮಾತಿನಲ್ಲಿ ಕೇಳುತ್ತಿದ್ದ ಪ್ರಶ್ನೆ. ತೋರಿಸಲು ಸುಂಕಸಾಳದಲ್ಲಿ ಐಸು ಸಿಗುತ್ತಿರಲಿಲ್ಲ. "ಒಂದು ತುಂಡು ಹೀಗೇ ಬಿಡೋಣ. ಇನ್ನೊಂದು ತುಂಡನ್ನು ಉಣ್ಣೆಯ ಬಟ್ಟೆಯಲ್ಲಿ ಸುತ್ತಿಡೋಣ. ಯಾವುದು ಮೊದಲು ಕರಗುತ್ತದೆ?"

"ಸುತ್ತಿದ್ದು!" ಎಂದು ತರಗತಿಯೇ ಕೂಗಿತು. ಕೈ ಎತ್ತಲು ಹೇಳಿದೆ. ನಲವತ್ತು ಕೈ. ಉಣ್ಣೆ ಬೆಚ್ಚಗೆ ಮಾಡುತ್ತದೆ, ಬೆಚ್ಚಗಾದರೆ ಐಸು ಕರಗುತ್ತದೆ. ಅವರ ಲೆಕ್ಕ ಅದು.

ಅವ್ವಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ತಗ್ಗಿದ ದನಿಯಲ್ಲಿ, "ಇದೆಂತಾ ಪ್ರಶ್ನೆ ಮಗಾ? ಇದೂ ಶಾಲೇಲಿ ಕೇಳ್ತರಾ?" ಎಂದಳು.

ಮುಖ್ಯೋಪಾಧ್ಯಾಯರು ಭುಜದಿಂದ ಶಾಲು ತೆಗೆದು ಮುಂದೆ ಚಾಚಿದರು. ಅವ್ವಿ ಕೈ ಹಿಂದೆ ಎಳೆದುಕೊಂಡಳು. "ಬ್ಯಾಡ ಮಾಸ್ತರೇ. ಐಸಿಗೆ ಮೀನು ಮುಟ್ಟಲಿಲ್ಲ, ಆದ್ರೆ ನನ್ನ ಕೈಗೆ ಮುಟ್ಟಿದ್ದು. ನಿಮ್ಮ ಶಾಲಿಗೆ ವಾಸನೆ ಹಿಡಿತದೆ."

"ಹಿಡಿದರೆ ತೊಳೆದರಾಯ್ತು ಅಮ್ಮಾ," ಎಂದರು ಅವರು. "ಹೇಗೆ ತೊಳೆಯೂದು ಅಂತ ನೀವೇ ಹೇಳಿಕೊಟ್ಟು ಹೋಗಿ."

ಅವ್ವಿ ಶಾಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಐಸಿನ ಒಂದು ತುಂಡನ್ನು ನಡುವೆ ಇಟ್ಟು, ನಾಲ್ಕು ಮಡಿಕೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಮೇಜಿನ ಮೇಲೆ ಇಟ್ಟಳು. ಇನ್ನೊಂದು ತುಂಡು ತಟ್ಟೆಯಲ್ಲಿ ಬೋಳಾಗಿ ಕೂತಿತು. ಊಟದ ಗಂಟೆ ಹೊಡೆಯಿತು.

ಆ ದಿನ ಎಂಟನೆಯ ತರಗತಿಯ ಮಕ್ಕಳು ಊಟ ಮಾಡಿದ್ದು ಓಡಿಕೊಂಡು. ಅರ್ಧ ತಾಸಿಗೇ ಕಿಟಕಿಯಲ್ಲಿ ತಲೆಗಳು. ತಟ್ಟೆಯ ಐಸು ಸಣ್ಣದಾಗುತ್ತಾ ಹೋಗಿ, ಕಡೆಗೆ ಒಂದು ಸುತ್ತು ನೀರಾಗಿ ಉಳಿಯಿತು. ಶಾಲನ್ನು ಮುಟ್ಟಲು ನಾನು ಯಾರಿಗೂ ಬಿಡಲಿಲ್ಲ. ಅವ್ವಿ ನನ್ನ ಡಬ್ಬಿಯಲ್ಲಿ ಪಾಲು ಉಂಡು, ತರಗತಿಯ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದಳು. ಕುರ್ಚಿ ಕೊಟ್ಟರೂ ಬೇಡ ಎಂದಳು.

ಒಂದು ತಾಸಿನ ಮೇಲೆ ಎಲ್ಲರ ಎದುರು ಶಾಲು ಬಿಚ್ಚಲು ಅವ್ವಿಗೇ ಹೇಳಿದೆ. ಒಂದು ಮಡಿಕೆ, ಎರಡು ಮಡಿಕೆ. ಕೊನೆಯ ಮಡಿಕೆಯಲ್ಲಿ, ಒದ್ದೆಯಾದ ಉಣ್ಣೆಯ ನಡುವೆ, ದೊಡ್ಡ ಅಡಿಕೆಯಷ್ಟು ಐಸು ಹೊಳೆಯುತ್ತಾ ಕೂತಿತ್ತು.

ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದರು. ನಲವತ್ತು ಮಕ್ಕಳು ತಮಗೆ ಖಂಡಿತ ಗೊತ್ತು ಎಂದುಕೊಂಡಿದ್ದದ್ದು ತಪ್ಪು ಎಂದು ಒಟ್ಟಿಗೇ ಕಣ್ಣಾರೆ ಕಂಡಿದ್ದರು. ಒಬ್ಬ ಹುಡುಗಿ ಬೆರಳು ಚಾಚಿ ಐಸನ್ನು ಮುಟ್ಟಿ, "ಅಕ್ಕೋರೇ, ಶಾಲು ಬಿಸಿ ಅಲ್ವಾ ಹಾಗಾದ್ರೆ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವ್ವಿ ಹೇಳಿದಳು. "ಶಾಲಿಗೆ ಬಿಸಿ ಮಾಡುಕೆ ಬರುದಿಲ್ಲ ಮಗಾ. ಬಿಸಿ ನಿನ್ನ ಮೈದು. ಅದು ಹೊರಗೆ ಹೋಗ್ದ ಹಾಗೆ ಶಾಲು ಅಡ್ಡ ನಿಲ್ತದೆ, ಅಷ್ಟೇ. ಐಸಿಗೆ ಸುತ್ತಿದ್ರೆ ಹೊರಗಿನ ಬಿಸಿಗೆ ಅಡ್ಡ ನಿಲ್ತದೆ."

ನನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದೂವರೆ ಪುಟ ಇತ್ತು.

ಮುಖ್ಯೋಪಾಧ್ಯಾಯರು ಬೆಂಚಿನ ತುದಿಯಲ್ಲಿ ಮಕ್ಕಳ ನಡುವೆ ಕೂತಿದ್ದರು. "ನಿಮಗೆ ಇದು ಯಾರು ಹೇಳಿಕೊಟ್ಟಿದ್ದು ಅಮ್ಮಾ?" ಎಂದು ಕೇಳಿದರು.

"ಯಾರೂ ಇಲ್ಲ. ಐಸೇ," ಎಂದಳು ಅವ್ವಿ. ಆಮೇಲೆ ಕೇಳದೇ ಇದ್ದದ್ದನ್ನೂ ಹೇಳತೊಡಗಿದಳು. ಅವಳು ಹುಡುಗಿಯಾಗಿದ್ದಾಗ ಅವರ ಊರಿನಲ್ಲಿ ಐಸು ಇರಲಿಲ್ಲವಂತೆ. ಉಳಿದ ಮೀನಿಗೆ ಉಪ್ಪೇ ಗತಿ. ಮೊದಲ ಸಲ ಕಾರವಾರದ ಕಡೆಯಿಂದ ಲಾರಿಯಲ್ಲಿ ಐಸು ಬಂದಾಗ ಗಡ್ಡೆಯ ಮೇಲೆ ಭತ್ತದ ಉಮಿ ಸುರಿದಿತ್ತು. ಉಮಿಯಿಂದ ಕೊಳೆಯಾಗುತ್ತದೆ ಎಂದು ಅವ್ವಿ ಅದನ್ನೆಲ್ಲ ಗುಡಿಸಿ ತೆಗೆದು, ತೊಳೆದು, ಚೊಕ್ಕ ಮಾಡಿ ಇಟ್ಟಳಂತೆ. ಮಧ್ಯಾಹ್ನಕ್ಕೆ ಐಸು ಇದ್ದ ಜಾಗದಲ್ಲಿ ನೀರು. ಉಮಿ ಬಿಟ್ಟವರ ಐಸು ಸಂಜೆಯವರೆಗೂ ಇತ್ತು. "ಅವತ್ತು ಎಷ್ಟು ಅತ್ತಿದ್ದೆ! ಅತ್ತ ಮೇಲೆ ನೋಡುಕೆ ಶುರು ಮಾಡ್ದೆ. ಒಣ ಗೋಣಿ ಎಷ್ಟು ಹೊತ್ತು ಕಾಯ್ತದೆ, ಒದ್ದೆ ಗೋಣಿ ಎಷ್ಟು ಹೊತ್ತು ಕಾಯ್ತದೆ. ಒದ್ದೆದಕ್ಕಿಂತ ಒಣದು ಒಳ್ಳೇದು. ಒತ್ತಿ ಕಟ್ಟಿದ್ದಕ್ಕಿಂತ ಸಡಿಲ ಕಟ್ಟಿದ್ದು ಒಳ್ಳೇದು. ಸಡಿಲ ಇದ್ರೆ ನಡುವೆ ಗಾಳಿ ನಿಲ್ತದೆ. ಗಾಳಿ ಸುಮ್ಮನೆ ನಿಂತ್ರೆ ಅದೇ ಒಂದು ಕಂಬಳಿ."

ನಾನು ಚಾಕ್ ಹಿಡಿದು ನಿಂತಲ್ಲೇ ನಿಂತಿದ್ದೆ. ಈ ಹೆಂಗಸಿನ ಜೊತೆ ಇಪ್ಪತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಇದ್ದೆ. ಅವಳ ಕೈಯ ಅಡುಗೆ ಉಂಡಿದ್ದೆ, ಅವಳ ದುಡಿಮೆಯಿಂದ ಓದಿದ್ದೆ, ಅವಳ ಕಷ್ಟಕ್ಕೆ ಮರುಗಿದ್ದೆ. ಅವಳು ಗೋಣಿ ಬದಲಿಸಿ, ಹೊತ್ತು ನೋಡಿ, ಹೋಲಿಸಿ, ತಪ್ಪಿದ್ದನ್ನು ಬಿಟ್ಟು ಸರಿಯಾದದ್ದನ್ನು ಹಿಡಿದು ಬಂದವಳು ಎಂಬುದು ಒಂದು ದಿನವೂ ನನ್ನ ತಲೆಗೆ ಹೋಗಿರಲಿಲ್ಲ. ವಿಜ್ಞಾನವನ್ನು ನಾನು ಕಾರವಾರಕ್ಕೆ ಹೋಗಿ ಕಲಿತು ಬಂದೆ ಎಂದೇ ತಿಳಿದಿದ್ದೆ. ಅದು ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಹೊರಡುತ್ತಿತ್ತು.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹಿಂದಿರುಗಿದೆವು. ಖಾಲಿ ಮಗ್ ಅವಳ ಮಡಿಲಲ್ಲಿ. ಮುಂದೆ ಲಾರಿಗಳ ಸಾಲು. ಬಸ್ ನಿಂತು ನಿಂತು ಹೋಗುತ್ತಿತ್ತು.

"ಆ ಬೋರ್ಡಿನ ಚಿತ್ರದಲ್ಲಿ ಎರಡು ಗೋಡೆ ಬರ್ದಿದ್ಯಲ್ಲ," ಎಂದಳು. "ನಡುವೆ ಎಂತಾ ಇರ್ತದೆ? ಉಮಿನಾ?"

"ಎಂತದೂ ಇರುದಿಲ್ಲ ಅವ್ವಿ."

"ಗಾಳಿ?"

"ಗಾಳಿನೂ ಇಲ್ಲ. ಗಾಳಿ ಇದ್ರೆ ಅದೂ ಸ್ವಲ್ಪ ಸ್ವಲ್ಪ ಬಿಸಿ ದಾಟಿಸ್ತದೆ. ಅದಕ್ಕೆ ಅದನ್ನೂ ತೆಗೆದುಬಿಡ್ತರೆ. ನಿರ್ವಾತ ಅಂತಾರೆ."

ಅವಳು ಮಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. "ಎಂತದೂ ಇಲ್ಲದ್ದು," ಎಂದು ತನಗೇ ಹೇಳಿಕೊಂಡಳು. "ಉಮಿಗಿಂತ, ಗೋಣಿಗಿಂತ, ಕಂಬಳಿಗಿಂತ ಎಂತದೂ ಇಲ್ಲದ್ದೇ ಗಟ್ಟಿಯಾಯ್ತಲೆ." ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಗಾಳಿ ಎಲ್ಲಿಂದ ತೆಗಿತರೆ? ಎರಡೂ ಕಡೆ ಬಂದ್ ಮಾಡಿದ್ರಲ್ಲ. ದಾರಿ ಎಲ್ಲಿ?"

ನಾನು ಅಷ್ಟು ವರ್ಷ ಅದೇ ಚಿತ್ರ ಬರೆದವಳು, ಆ ಗಾಳಿ ಹೊರಗೆ ಹೋದದ್ದು ಹೇಗೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ನಂಗೆ ಗೊತ್ತಿಲ್ಲ ಅವ್ವಿ," ಎಂದೆ.

ಅವಳಿಗೆ ಬೇಸರವಾಗಲಿಲ್ಲ. ಬದಲಿಗೆ ಮುಖ ಅರಳಿತು. "ಹಾಗಾದ್ರೆ ಯಾರನ್ನಾದ್ರೂ ಕೇಳು. ನಂಗೂ ಹೇಳು."

ಆ ಶನಿವಾರ ಮಧ್ಯಾಹ್ನ ಕಾರವಾರಕ್ಕೆ ಹೋದೆ. ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು ನಿವೃತ್ತರಾಗಿ ಕೋಡಿಬಾಗದಲ್ಲಿದ್ದರು. ಪ್ರಶ್ನೆ ಕೇಳಿ ಅವರು ಎದ್ದು ಒಳಗೆ ಹೋದರು. ಹಳೆಯ ಕಾಲದ ಗಾಜಿನ ಫ್ಲಾಸ್ಕಿನ ಒಳಭಾಗವೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಕನ್ನಡಿಯ ಹಾಗೆ ಬೆಳ್ಳಿಯ ಬಣ್ಣ. ಅದನ್ನು ತಲೆಕೆಳಗು ಮಾಡಿ, ತಳದ ನಡುವೆ ಇದ್ದ ಚೂಪಾದ ಗಾಜಿನ ಸಣ್ಣ ತೊಟ್ಟನ್ನು ತೋರಿಸಿದರು.

"ಇಲ್ಲಿ ಒಂದು ಕೊಳವೆ ಇತ್ತು. ಅದರಿಂದ ಗಾಳಿ ಎಳೆದು, ಬೆಂಕಿಯಲ್ಲಿ ಕೊಳವೆಯ ಬಾಯಿ ಕರಗಿಸಿ ಮುಚ್ಚಿದ್ದಾರೆ. ಸ್ಟೀಲಿನದ್ದರಲ್ಲೂ ಎಲ್ಲಾದರೂ ಒಂದು ತೂತು ಮುಚ್ಚಿದ ಗುರುತು ಇರಲೇಬೇಕು. ಮನೆಗೆ ಹೋಗಿ ಹುಡುಕು." ಆಮೇಲೆ ಕೇಳಿದರು, "ಇದು ನಿನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಯೇ? ನಲವತ್ತು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ಇದನ್ನು ಕೇಳಲಿಲ್ಲ."

"ನನ್ನ ತಾಯಿ ಕೇಳಿದ್ದು ಸರ್."

ಅವರು ಗಾಜನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾ, "ಅವರಿಗೆ ನನ್ನ ನಮಸ್ಕಾರ ಹೇಳು," ಎಂದರು.

ಮರುದಿನ ಪೇಟೆಯಿಂದ ಬಂದ ಅವ್ವಿಗೆ ಎಲ್ಲ ಹೇಳಿದೆ. ಅಂಗಳದಲ್ಲಿ ಕೂತು ಮಗ್ಗನ್ನು ಬೋರಲು ಹಾಕಿದೆವು. ತಳದಲ್ಲಿ ಒಂದು ದುಂಡಗಿನ ಕಾಗದದ ಚೀಟಿ ಅಂಟಿಸಿತ್ತು. ಅವ್ವಿ ಅದನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ, ಉಗುರಿನಿಂದ ನಿಧಾನವಾಗಿ ಸುಲಿದಳು. ನನಗೆ ನುಣುಪಾದ ಸ್ಟೀಲು ಬಿಟ್ಟು ಏನೂ ಕಾಣಲಿಲ್ಲ. ಅವಳು ಕಣ್ಣಿನಿಂದ ನೋಡಲೇ ಇಲ್ಲ. ಹೆಬ್ಬೆರಳನ್ನು ತಳದ ಮೇಲೆ ಸುತ್ತಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ ಅದೆ. ಹೊಕ್ಕಳು!"

ನನ್ನ ಬೆರಳನ್ನು ಹಿಡಿದು ಅಲ್ಲಿಗೆ ಒತ್ತಿದಳು. ನಡುವಿನಲ್ಲಿ ಸಾಸಿವೆಯಷ್ಟು ತಗ್ಗು. ಅದರೊಳಗೆ ಗಟ್ಟಿಯಾದ ಒಂದು ಚುಕ್ಕಿ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಅದರ ಮೂಲಕ ಗಾಳಿ ಕೊನೆಯ ಸಲ ಹೊರಗೆ ಹೋಗಿತ್ತು. ಅಲ್ಲಿಂದೀಚೆಗೆ ಒಳಗೆ ಏನೂ ಬಂದಿರಲಿಲ್ಲ. ಇಬ್ಬರ ಬೆರಳೂ ಅದರ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದವು.

ಆಮೇಲೆ ಅವ್ವಿ ಎದ್ದಳು. ಮಗ್ಗನ್ನು ಸೆರಗಿನಲ್ಲಿ ಒರೆಸಿ, ಕೇರಿಯ ಹೆಂಗಸರಿಗೆಲ್ಲ ಹೊಕ್ಕಳು ತೋರಿಸಿ ಬರುತ್ತೇನೆಂದು ಹೊರಟಳು. ಒಂದು ಮನೆಯಿಂದ ಇನ್ನೊಂದು ಮನೆಗೆ ಅವಳ ದನಿ ದಾಟುವುದು ಕೇಳುತ್ತಿತ್ತು. ಚಾದ ಹೊತ್ತಾದರೂ ಅವಳೂ ಬರಲಿಲ್ಲ, ಮಗ್ಗೂ ಬರಲಿಲ್ಲ. ನಾನು ಒಲೆ ಹಚ್ಚಿ ಚಾ ಕುದಿಸಿ, ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು, ಊದಿ ಊದಿ ಕುಡಿದೆ.